ನೆಟ್ ಕರ್ಟನ್ ಎಷ್ಟು ಒಗೆದರೂ ಬೆಳ್ಳಗಾಗುತ್ತಿಲ್ಲವೇ? ಮೊದಲು ಕೊಳೆ ಯಾವುದೆಂದು ನೋಡಿ

ಕರಾವಳಿಯ ಮನೆಗಳಲ್ಲಿ ಹಳೇ ನೆಟ್ ಕರ್ಟನ್ ಹಾಳಾಗುವುದಕ್ಕೆ ಹೆಚ್ಚಿನ ಸಲ ಒಂದೇ ಕಾರಣ. ಕೊಳೆ ಯಾವುದೆಂದು ನೋಡುವ ಮೊದಲೇ ಬ್ಲೀಚ್ ಬಾಟಲಿ ತೆರೆಯುತ್ತೇವೆ. ಚೌತಿ ಬಂತು, ತೆನೆಹಬ್ಬ ಬಂತು, ಮನೆಗೆ ನೆಂಟರು ಬರುತ್ತಾರೆ ಎಂಬ ಅವಸರದಲ್ಲಿ ಪರದೆ ಇಳಿಸಿ, ಬಾಲ್ದಿಗೆ ತುರುಕಿ, ಬಿಸಿನೀರು, ಸಾಬೂನು ಪುಡಿ, ಬ್ಲೀಚ್ ಎಲ್ಲ ಒಟ್ಟಿಗೆ ಸುರಿಯುತ್ತೇವೆ. ಒಣಗಿದ ಮೇಲೆ ನೋಡಿದರೆ ಮೊದಲಿಗಿಂತ ಜಾಸ್ತಿ ಹಳದಿ. ಆಗ ಪರದೆಯದ್ದೇ ತಪ್ಪು ಎಂದು ಹೊಸತು ತರುತ್ತೇವೆ.

ಮಂಗಳೂರು, ಉಡುಪಿಯ ಕಿಟಕಿಗೆ ಬಗೆಬಗೆಯ ಕೊಳೆ ಬರುತ್ತದೆ. ಹೆದ್ದಾರಿ 66ರ ಬದಿಯ ಮನೆಗೆ ಲಾರಿ, ಬಸ್ಸುಗಳ ಡೀಸೆಲ್ ಮಸಿ. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡಲ ಬದಿಗೆ ಉಪ್ಪುಗಾಳಿ. ಸ್ವಲ್ಪ ಒಳಗೆ ಹೋದರೆ ಮುರಕಲ್ಲಿನ ಕೆಂಪು ಧೂಳು. ಅಡುಗೆಮನೆಯಲ್ಲಿ ಎಣ್ಣೆಯ ಆವಿ, ದೇವರ ಕೋಣೆಯಲ್ಲಿ ಊದುಬತ್ತಿ ಹೊಗೆ. ಆಟಿ ತಿಂಗಳ ಮಳೆಗೆ ಬೂಷ್ಟು. ಇವಕ್ಕೆಲ್ಲ ಮದ್ದು ಬೇರೆ ಬೇರೆ. ಬೂಷ್ಟಿಗೆ ಹಾಕುವ ಬ್ಲೀಚ್ ತುಕ್ಕಿನ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಆದ್ದರಿಂದ ಪತ್ತೆ ಮೊದಲು, ಒಗೆತ ಆಮೇಲೆ.

ಇಳಿಸುವ ಮೊದಲು ಐದು ನಿಮಿಷ

ಪರದೆ ರಾಡಿನಲ್ಲಿ ನೇತಾಡುತ್ತಿರುವಾಗಲೇ ಬೆಳಕಿಗೆ ಎದುರಾಗಿ ನಿಂತು ನೋಡಿ. ಕಲೆ ಎಲ್ಲಿದೆ ಎನ್ನುವುದೇ ಅರ್ಧ ಉತ್ತರ ಕೊಡುತ್ತದೆ. ಇಳಿಸಿ ಮುದ್ದೆ ಮಾಡಿದ ಮೇಲೆ ಈ ಸುಳಿವು ಮತ್ತೆ ಸಿಗುವುದಿಲ್ಲ. ಬೇಕಾದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೇಲಿನ ಅಂಚಿನಲ್ಲಿ, ಕೊಕ್ಕೆ ಅಥವಾ ರಿಂಗ್ ಇರುವ ಜಾಗದಲ್ಲಿ ಕಂದು ಚುಕ್ಕೆ ಇದ್ದರೆ ಅದು ತುಕ್ಕು. ಒಂದೇ ಅಂತರದಲ್ಲಿ ಉದ್ದುದ್ದ ಕಂದು ಗೀರುಗಳಿದ್ದರೆ ಕಿಟಕಿಯ ಸರಳು ನೋಡಿ, ಬಣ್ಣ ಎದ್ದು ತುಕ್ಕು ಹಿಡಿದಿರುತ್ತದೆ. ಮಳೆಗಾಲದಲ್ಲಿ ಒದ್ದೆ ಪರದೆ ಆ ಸರಳಿಗೆ ಅಂಟಿ ಕೂತದ್ದರ ಗುರುತು ಅದು. ಕೆಳಗಿನ ಅಂಚಿನಲ್ಲಿ, ಗೋಡೆಗೆ ತಾಗುವ ಮೂಲೆಯಲ್ಲಿ ಕಪ್ಪು ಅಥವಾ ಹಸಿರು ಮಿಶ್ರಿತ ಚುಕ್ಕೆಗಳ ಗುಂಪು ಇದ್ದರೆ ಬೂಷ್ಟು. ಪರದೆ ಸರಿಸಲು ಕೈ ಹಿಡಿಯುವ ಎತ್ತರದಲ್ಲಿ ಮಾತ್ರ ಮಾಸಿದ್ದರೆ ಕೈಬೆವರು, ತಲೆಗೆ ಹಚ್ಚುವ ಎಣ್ಣೆ. ಟ್ಯೂಬ್‌ಲೈಟಿನ ಹತ್ತಿರ ಸಣ್ಣ ಉಬ್ಬಿದ ಚುಕ್ಕೆಗಳಿದ್ದರೆ ಹುಳದ್ದೋ ಹಲ್ಲಿಯದ್ದೋ ಹಿಕ್ಕೆ. ಹಲ್ಲಿಯದ್ದಾದರೆ ಒಂದು ತುದಿ ಬೆಳ್ಳಗಿರುತ್ತದೆ. ಒಣಗಿದ್ದಾಗ ಉಗುರಿನಿಂದ ಎಬ್ಬಿಸಿದರೆ ಉದುರುತ್ತದೆ, ನೆನೆದ ಮೇಲೆ ಉಜ್ಜಿದರೆ ಹರಡುತ್ತದೆ.

ಇಡೀ ಪರದೆ ಒಂದೇ ಸಮ ಬಣ್ಣಗೆಟ್ಟಿದ್ದರೆ ಮುಟ್ಟಿ ನೋಡಿ. ಪುಡಿಪುಡಿ ಎನಿಸಿದರೆ ಧೂಳು. ಅಂಟಂಟು ಎನಿಸಿದರೆ ಜಿಡ್ಡು ಅಥವಾ ಉಪ್ಪು. ಇವೆರಡನ್ನು ಬೇರೆ ಮಾಡುವುದು ಸುಲಭ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಮೋಡದ ದಿನ ಅಂಟುತ್ತದೆ, ಒಳ್ಳೇ ಬಿಸಿಲಿನ ಮಧ್ಯಾಹ್ನ ಗರಿಗರಿಯಾಗುತ್ತದೆ. ಜಿಡ್ಡು ಹಾಗಲ್ಲ, ಯಾವ ಹವೆಯಲ್ಲೂ ಅಂಟಾಗಿಯೇ ಇರುತ್ತದೆ.

ಬಟ್ಟೆ ಯಾವುದೆಂದು ತಿಳಿದುಕೊಳ್ಳಿ

ಪರದೆಗೆ ಲೇಬಲ್ ಇದ್ದರೆ ಕೆಲಸ ಮುಗಿಯಿತು. ಹಳೇ ಪರದೆಗಳಲ್ಲಿ ಇರುವುದು ಅಪರೂಪ. ಮಡಚಿ ಹೊಲಿದ ಅಂಚಿನಿಂದ ಒಂದು ಎಳೆ ಬಿಡಿಸಿ, ಚಿಮ್ಮಟದಲ್ಲಿ ಹಿಡಿದು, ನೀರಿನ ಪಾತ್ರೆಯ ಮೇಲೆ ಬೆಂಕಿಕಡ್ಡಿಯ ಉರಿಗೆ ತೋರಿಸಿ. ಹತ್ತಿಯಾದರೆ ಕಾಗದದ ಹಾಗೆ ಉರಿದು, ಕಾಗದ ಸುಟ್ಟ ವಾಸನೆ ಬಂದು, ಮೆತ್ತಗಿನ ಬೂದಿ ಉಳಿಯುತ್ತದೆ. ರೇಯಾನ್ ಕೂಡ ಹೀಗೇ ಉರಿಯುತ್ತದೆ. ಪಾಲಿಯೆಸ್ಟರ್ ಆದರೆ ಉರಿಯಿಂದ ಹಿಂದೆ ಸರಿದು ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಮಣಿಯಾಗುತ್ತದೆ. ನೈಲಾನ್ ಸಹ ಕರಗುತ್ತದೆ, ಮಣಿ ಸ್ವಲ್ಪ ತಿಳಿಬಣ್ಣದ್ದು.

ಪಾಲಿಯೆಸ್ಟರ್ ಮತ್ತು ನೈಲಾನ್ ನಡುವೆ ಸಂಶಯ ಬಂದರೆ ನೈಲಾನ್ ಎಂದೇ ತಿಳಿದು ನಡೆಯಿರಿ. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಕ್ಲೋರಿನ್ ಬ್ಲೀಚ್. ಅದು ನೈಲಾನನ್ನು ಹಳದಿ ಮಾಡುತ್ತದೆ, ಆ ಹಳದಿ ಮತ್ತೆ ಹೋಗುವುದಿಲ್ಲ. ರೇಯಾನ್ ಮಿಶ್ರಣದ ಪರದೆ ಒದ್ದೆಯಾದಾಗ ಬಹಳ ಬಲ ಕಳೆದುಕೊಳ್ಳುತ್ತದೆ. ಅದನ್ನು ನೀರಿನಿಂದ ಎತ್ತುವಾಗ ಎರಡೂ ಕೈ ಅಡಿಗೆ ಕೊಟ್ಟು ಎತ್ತಬೇಕು.

ಇನ್ನೊಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಬಿಸಿಲು ಹೆಚ್ಚು ಬೀಳುವ ಜಾಗದಲ್ಲಿ, ಒಣಗಿದ್ದಾಗಲೇ, ಬಟ್ಟೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಚಿಟಿಚಿಟಿ ಎಂದು ತುಂಡಾದರೆ ಆ ಪರದೆ ಬಿಸಿಲಿಗೆ ಸತ್ತಿದೆ. ಪಡುವಣ ಕಿಟಕಿಯ ನೈಲಾನ್, ಹತ್ತಿ ಪರದೆಗಳಿಗೆ ಹೀಗಾಗುವುದು ಜಾಸ್ತಿ. ಗಾಜಿನ ಹಿಂದಿನ ಪಾಲಿಯೆಸ್ಟರ್ ಹೆಚ್ಚು ಕಾಲ ತಾಳುತ್ತದೆ. ಸತ್ತ ಬಟ್ಟೆ ಒಗೆತದಲ್ಲಿ ಹರಿದರೆ ಅದು ಸಾಬೂನಿನ ತಪ್ಪಲ್ಲ. ಅಂಥದ್ದನ್ನು ಒಗೆಯಲು ಶ್ರಮ ಪಡಬೇಡಿ. ಗಟ್ಟಿ ಉಳಿದ ಭಾಗ ಕತ್ತರಿಸಿ, ಸಾಬೂನು ನೀರಲ್ಲಿ ತೊಳೆದು ಇಟ್ಟುಕೊಂಡರೆ ಏಪ್ರಿಲ್‌ನಲ್ಲಿ ಹಲಸಿನ ಹಪ್ಪಳ, ಸಂಡಿಗೆ ಒಣಗಿಸುವಾಗ ನೊಣ ಕೂರದಂತೆ ಮುಚ್ಚಲು ಒಳ್ಳೆಯದಾಗುತ್ತದೆ.

ಬರೀ ತಣ್ಣೀರು: ಇದೇ ಮುಖ್ಯ ಪರೀಕ್ಷೆ

ಕೊಕ್ಕೆ, ರಿಂಗ್ ಎಲ್ಲ ಬಿಚ್ಚಿ. ಒಂದೂ ಉಳಿಯಬಾರದು. ಅಂಗಳಕ್ಕೆ ಒಯ್ದು ಕೊಡವಿ. ಕೆಂಪು ಧೂಳಿನ ಪರದೆಯಾದರೆ ಮೆತ್ತನೆ ಬ್ರಶ್ಶಿನಿಂದ ಮೇಲಿನಿಂದ ಕೆಳಗೆ ಗುಡಿಸಿ, ಇದ್ದರೆ ವ್ಯಾಕ್ಯೂಮ್ ಹಿಡಿಯಿರಿ. ಬೂಷ್ಟು ಕಂಡಿದ್ದರೆ ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ. ಮನೆಯಲ್ಲಿ ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.

ಆಮೇಲೆ ದೊಡ್ಡ ಟಬ್ಬಿನಲ್ಲಿ ಬರೀ ತಣ್ಣೀರು ತುಂಬಿ ಪರದೆಯನ್ನು ಸಡಿಲವಾಗಿ ಮುಳುಗಿಸಿ, ಅರ್ಧ ಗಂಟೆ ಬಿಡಿ. ಸಾಬೂನು ಬೇಡ. ಬಿಸಿನೀರೂ ಬೇಡ. ಸಾಬೂನು ಹಾಕಿದರೆ ಸಡಿಲವಾಗಿರುವ ಧೂಳು ಜಿಡ್ಡಿನ ಜೊತೆ ಸೇರಿ ಕೆಸರಾಗಿ ಬಟ್ಟೆಗೇ ಮರಳಿ ಅಂಟುತ್ತದೆ. ಎಷ್ಟೋ ಪರದೆಗಳು ಒಗೆದ ಮೇಲೂ ಬೂದಿ ಬಣ್ಣಕ್ಕೆ ಉಳಿಯುವುದು ಇದರಿಂದ.

ಅರ್ಧ ಗಂಟೆಯ ಮೇಲೆ ನೀರಿನ ಬಣ್ಣ ನೋಡಿ. ಕಾಫಿ ಬಣ್ಣ ಅಥವಾ ಕೆಂಪು ನೀರು ಬಂದು, ಪರದೆ ಕಣ್ಣಿಗೆ ಕಾಣುವಷ್ಟು ತಿಳಿಯಾಗಿದ್ದರೆ ಧೂಳು, ಉಪ್ಪು ಹೆಚ್ಚಿನ ಪಾಲು. ಇದು ಒಳ್ಳೇ ಸುದ್ದಿ. ನೀರು ಬದಲಿಸುತ್ತಾ ಹೋಗಿ, ನೀರು ತಿಳಿಯಾಗುವವರೆಗೆ. ಉಪ್ಪು ನೀರಲ್ಲಿ ತಾನಾಗಿ ಕರಗಿ ಹೋಗುತ್ತದೆ, ಅದಕ್ಕೆ ಬೇರೆ ಮದ್ದೇ ಬೇಡ. ನೀರು ಬರೀ ಮಬ್ಬಾಗಿ, ಪರದೆ ಹಾಗೇ ಇದ್ದರೆ ಜಿಡ್ಡು. ನೀರೂ ತಿಳಿ, ಪರದೆಯೂ ಹಳದಿ ಎಂದಾದರೆ ಕೊಳೆ ಬಟ್ಟೆಯ ಮೇಲೆ ಇಲ್ಲ. ಬಟ್ಟೆಯೇ ಬಣ್ಣ ಬದಲಿಸಿದೆ, ಅಥವಾ ಕಬ್ಬಿಣದ ಅಂಶ ಒಳಗೆ ಕೂತಿದೆ.

ಈ ಕೆಲಸಕ್ಕೆ ನೀರು ತುಂಬಾ ಬೇಕು. ಮಂಗಳೂರಿಗೆ ತುಂಬೆಯಲ್ಲಿ ನೇತ್ರಾವತಿಯಿಂದ, ಉಡುಪಿಗೆ ಬಜೆಯಲ್ಲಿ ಸ್ವರ್ಣೆಯಿಂದ ನೀರು ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಇಳಿದಾಗ ನಲ್ಲಿಯಲ್ಲಿ ನೀರು ಬರುವುದೇ ಲೆಕ್ಕಾಚಾರ. ಪರದೆ ಒಗೆತಕ್ಕೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೇ ಕಾಲ. ಬಾವಿಯಲ್ಲಿ ನೀರಿರುತ್ತದೆ, ಗಾಳಿ ಒಣದಾಗಿರುತ್ತದೆ. ಉಡುಪಿಯಲ್ಲಿ ಕೃಷ್ಣಮಠದ ಪರ್ಯಾಯ ಉತ್ಸವ ಇರುವ ವರ್ಷ ಜನವರಿ 18ಕ್ಕೆ ನೆಂಟರು ಬರುವ ಮನೆಗಳು ಡಿಸೆಂಬರಿನಲ್ಲೇ ಶುರು ಮಾಡಿದರೆ ಅವಸರ ಇಲ್ಲ. ಸಾಬೂನು ಸೇರದ ಈ ಮೊದಲ ನೀರನ್ನು ತೆಂಗಿನ ಬುಡಕ್ಕೆ ಹಾಕಬಹುದು. ಕಡಲ ಬದಿಯ ಉಪ್ಪು ಪರದೆಯದ್ದಾದರೂ ತೆಂಗಿಗೆ ತೊಂದರೆ ಇಲ್ಲ, ಹೂವಿನ ಕುಂಡಕ್ಕೆ ಬೇಡ.

ಅಂಟುವ ಹಳದಿ: ಜಿಡ್ಡು ಮತ್ತು ಹೊಗೆ

ಅಡುಗೆಮನೆ, ಊಟದ ಕೋಣೆ, ದೇವರ ಕೋಣೆಯ ಪರದೆಗಳ ದೋಷ ಇದು. ದಿನಾ ಒಗ್ಗರಣೆ, ವಾರಕ್ಕೆ ನಾಲ್ಕು ದಿನ ಮೀನು ಕಾಯಿಸುವುದು, ಎಣ್ಣೆಯ ಆವಿ ಹೋಗಿ ಕೂರುವುದು ಹತ್ತಿರದ ನೆಟ್ಟಿನ ಮೇಲೆ. ಯಾವ ಎಣ್ಣೆ ಎಂಬುದೂ ಮುಖ್ಯ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಆದರೆ ಗಾಳಿಗೆ ಬೇಗ ಗಟ್ಟಿ ಅಂಟಾಗುವುದಿಲ್ಲ. ಬೆಚ್ಚಗಿನ ನೀರು, ಸಾಬೂನಿಗೆ ಬಿಟ್ಟುಕೊಡುತ್ತದೆ. ಸೂರ್ಯಕಾಂತಿ ಎಣ್ಣೆಯ ತೆಳು ಪದರ ಗಾಳಿ, ಬಿಸಿಲಿಗೆ ತಾನೇ ಗಟ್ಟಿಯಾಗಿ ವಾರ್ನಿಶ್ ಹಚ್ಚಿದ ಹಾಗಾಗುತ್ತದೆ. ಹಳೇ ಎಣ್ಣೆಬಾಟಲಿಯ ಹೊರಗಡೆ ಅಂಟುವ ಹಳದಿ ಪದರ ನೋಡಿದ್ದೀರಿ ಅಲ್ವಾ, ಅದೇ ಇದು. ಊದುಬತ್ತಿ, ಸೊಳ್ಳೆಬತ್ತಿ, ಬೀಡಿಯ ಹೊಗೆಯಲ್ಲೂ ಅಂಟುವ ಅಂಶ ಇದೆ. ಇದಕ್ಕೆ ಸ್ವಲ್ಪ ಕ್ಷಾರ ಬೇಕು.

ಖಚಿತ ಮಾಡಿಕೊಳ್ಳಲು ಒಂದು ಮೂಲೆಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಬೆಚ್ಚಗಿನ ನೀರಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ. ಆ ಜಾಗ ಮಾತ್ರ ತಿಳಿಯಾದರೆ ಜಿಡ್ಡು ಎಂದು ಗೊತ್ತಾಯಿತು.

ಒಗೆಯುವ ಕ್ರಮ ಹೀಗೆ. ಒಂದು ಪಾಲು ಕುದಿಯುವ ನೀರಿಗೆ ನಾಲ್ಕು ಪಾಲು ಟಾಂಕಿಯ ನೀರು ಸೇರಿಸಿದರೆ ನಮ್ಮ ಊರಿನ ಹವೆಯಲ್ಲಿ ಸುಮಾರು 40 ಡಿಗ್ರಿ ಆಗುತ್ತದೆ. ದೊಡ್ಡ ಬಾಲ್ದಿ, ಅಂದರೆ 15ರಿಂದ 20 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಒಗೆಯುವ ಸೋಡಾ ಮತ್ತು ಸ್ವಲ್ಪ ಸಾಬೂನು ಪುಡಿ ಪೂರ್ತಿ ಕರಗಿಸಿ, ಆಮೇಲೆ ಪರದೆ ಇಳಿಸಿ. ಒಗೆಯುವ ಸೋಡಾ ಬೇರೆ, ಅಡುಗೆ ಸೋಡಾ ಬೇರೆ. ಅಡುಗೆ ಸೋಡಾ ಬಹಳ ಸೌಮ್ಯ, ಹಳೇ ಜಿಡ್ಡಿಗೆ ಸಾಲದು. ಒಗೆಯುವ ಸೋಡಾ ಕೈಯ ಚರ್ಮ ಒಡೆಸುತ್ತದೆ, ಕೈಗವಸು ಹಾಕಿ. ಒಂದು ಗಂಟೆ ನೆನೆಸಿ, ನಡುನಡುವೆ ಪರದೆಯನ್ನು ಮೇಲಕ್ಕೆ ಕೆಳಕ್ಕೆ ಒತ್ತಿ. ಉಜ್ಜಬೇಡಿ, ಕಲ್ಲಿಗೆ ಬಡಿಯಬೇಡಿ. ಒಗೆಯುವ ಕಲ್ಲು ಲುಂಗಿ, ಬೆಡ್‌ಶೀಟಿಗೆ ಸರಿ, ನೆಟ್ಟಿನ ಕಣ್ಣುಗಳಿಗೆ ಅಲ್ಲ. ನೀರು ಕೊಳೆಯಾದರೆ ಚೆಲ್ಲಿ ಮತ್ತೊಮ್ಮೆ ಹೊಸದಾಗಿ ಮಾಡಿ. ಒಂದೇ ನೀರಲ್ಲಿ ರಾತ್ರಿಯಿಡೀ ಬಿಡುವುದಕ್ಕಿಂತ ನೀರು ಬದಲಿಸಿ ಎರಡು ಸಲ ಮಾಡುವುದೇ ಒಳ್ಳೆಯದು.

ಸೋಡಾಕ್ಕೆ ವಿನೆಗರ್ ಬೆರೆಸಿ ನೊರೆ ಬರಿಸುವ ಉಪಾಯ ಮೊಬೈಲಿನಲ್ಲಿ ತುಂಬಾ ಓಡಾಡುತ್ತದೆ. ನೊರೆ ನೋಡಲು ಚೆಂದ. ಆದರೆ ಹುಳಿಯೂ ಕ್ಷಾರವೂ ಸೇರಿದಾಗ ಒಂದನ್ನೊಂದು ಮುರಿದುಹಾಕುತ್ತವೆ, ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಸೋಡಾ ಬೇಕಾದಲ್ಲಿ ಸೋಡಾ, ಹುಳಿ ಬೇಕಾದಲ್ಲಿ ಹುಳಿ, ಬೇರೆ ಬೇರೆ ನೀರಲ್ಲಿ.

ಹೆದ್ದಾರಿ ಬದಿಯ ಡೀಸೆಲ್ ಮಸಿಗೂ ಇದೇ ಕ್ರಮ. ಆ ಮಸಿ ಎಣ್ಣೆ ಹಿಡಿದ ಇದ್ದಿಲ ಪುಡಿ, ಬರೀ ನೀರಿಗೆ ಬಿಡುವುದಿಲ್ಲ. ಮಸಿಗೆ ಬ್ಲೀಚಿನಿಂದ ಏನೂ ಆಗುವುದಿಲ್ಲ. ಅದು ಬಣ್ಣ ಅಲ್ಲ, ಕಣ. ಸಾಬೂನು ಎಬ್ಬಿಸಬೇಕು, ನೀರು ಒಯ್ಯಬೇಕು.

ಅಂಟದ ಹಳದಿ: ಬಿಸಿಲೋ, ಕಬ್ಬಿಣವೋ?

ಇಲ್ಲೇ ಹೆಚ್ಚು ಜನ ಸೋಲುವುದು. ಪರದೆ ಅಂಟುವುದಿಲ್ಲ, ನೀರೂ ಕೊಳೆಯಾಗುವುದಿಲ್ಲ, ಆದರೂ ಹಳದಿ. ಮೇಲಿನ ಪಟ್ಟಿಯ ಹೊಲಿಗೆ ಎರಡು ಇಂಚು ಬಿಚ್ಚಿ, ಮಡಿಕೆಯ ಒಳಗಿನ ಬಟ್ಟೆ ನೋಡಿ. ಒಳಗೆ ಬೆಳ್ಳಗಿದ್ದು, ಹೊರಗೆ ಬಿಸಿಲು ಬಿದ್ದ ಕಡೆ ಮಾತ್ರ ಹಳದಿ ಇದ್ದರೆ ಬಿಸಿಲಿನ ಕೆಲಸ. ಒಳಗೂ ಹೊರಗೂ ಒಂದೇ ಹಳದಿ ಅಥವಾ ಕಿತ್ತಳೆ ಛಾಯೆ ಇದ್ದರೆ ನೀರಿನ ಕೆಲಸ. ಯಾಕೆಂದರೆ ಬಿಸಿಲು ಮಡಿಕೆಯೊಳಗೆ ಹೋಗುವುದಿಲ್ಲ, ನೀರು ಹೋಗುತ್ತದೆ.

ಬಿಸಿಲಿನ ಹಳದಿಯ ಒಂದು ಭಾಗ ಹೀಗೆ ಆಗುತ್ತದೆ. ಬಿಳಿ ನೆಟ್ಟಿಗೆ ಕಾರ್ಖಾನೆಯಲ್ಲೇ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಅದು ನೀಲಿ ಬೆಳಕಾಗಿ ಹೊರಬಿಡುತ್ತದೆ. ಅದಕ್ಕೇ ಹೊಸ ಪರದೆ ಅಷ್ಟು ಬೆಳ್ಳಗೆ ಕಾಣುವುದು. ವರ್ಷಗಟ್ಟಲೆ ಬಿಸಿಲು ಬಿದ್ದರೆ ಆ ರಾಸಾಯನಿಕ ಸಾಯುತ್ತದೆ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಸಿಕ್ಕಿದರೆ ಕತ್ತಲಲ್ಲಿ ಹಿಡಿದು ನೋಡಿ. ಮಡಿಕೆಯ ಒಳಗೆ ನೀಲಿ ಹೊಳಪು, ಹೊರಗೆ ಮಂಕು ಇದ್ದರೆ ಸಂಶಯವೇ ಬೇಡ. ಹತ್ತಿ ಪರದೆಯಾದರೆ ಸಾಬೂನು ಪುಡಿಯಲ್ಲಿರುವ ಅದೇ ಬಗೆಯ ಹೊಳಪು ಸ್ವಲ್ಪ ಮರಳಿ ಹಿಡಿಯುತ್ತದೆ. ಪಾಲಿಯೆಸ್ಟರ್‌ಗೆ ಹಾಗೆ ಹಿಡಿಯುವುದು ಕಷ್ಟ. ಉಜಾಲಾದಂಥ ನೀಲಿ ಹಾಕಿದರೆ ಹಳದಿ ಕಣ್ಣಿಗೆ ಕಡಿಮೆ ಕಾಣುತ್ತದೆ, ಅಷ್ಟರಲ್ಲಿ ಸಮಾಧಾನ ಮಾಡಿಕೊಳ್ಳಬೇಕು. ನೀಲಿಯನ್ನು ಬಾಲ್ದಿ ತುಂಬಾ ನೀರಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಪರದೆ ಮುಳುಗಿಸಿ. ಬಟ್ಟೆಯ ಮೇಲೆ ನೇರ ಹನಿ ಬಿದ್ದರೆ ಚುಕ್ಕೆ ಕೂರುತ್ತದೆ.

ಇನ್ನು ಕಬ್ಬಿಣ. ನಮ್ಮ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಸಾಬೂನು ನೊರೆ ಚೆನ್ನಾಗಿ ಬರುತ್ತದೆ. ಕೊಳವೆಬಾವಿಯ ನೀರಲ್ಲಿ ಮಾತ್ರ ಕರಗಿದ ಕಬ್ಬಿಣ ಇರುವುದು ಹೆಚ್ಚು. ಎತ್ತಿದಾಗ ನೀರು ತಿಳಿಯಾಗಿಯೇ ಕಾಣುತ್ತದೆ. ಬಿಳಿ ಬಾಲ್ದಿಯಲ್ಲಿ ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕಿತ್ತಳೆ ಪುಡಿ ಅಥವಾ ಮೇಲೆ ತೆಳ್ಳಗಿನ ಹೊಳೆಯುವ ಪೊರೆ ಕಂಡರೆ ಕಬ್ಬಿಣ ಇದೆ. ನಿಮ್ಮ ಕಮೋಡಿನ ಒಳಗೆ, ನಲ್ಲಿಯ ಕೆಳಗಿನ ಟೈಲ್ಸಿನಲ್ಲಿ ಕಂದು ಗೆರೆ ಇದೆಯೇ ನೋಡಿ, ಅದೂ ಸಾಕ್ಷಿ.

ಈ ನೀರಿಗೆ ಕ್ಲೋರಿನ್ ಬ್ಲೀಚ್ ಹಾಕಿದ ಕ್ಷಣ ಕರಗಿದ ಕಬ್ಬಿಣ ತುಕ್ಕಾಗಿ ಬದಲಾಗಿ ಎಳೆ ಎಳೆಗೂ ಕೂರುತ್ತದೆ. ಸೋಡಾ ಹಾಕಿದರೂ ಸ್ವಲ್ಪ ಮಟ್ಟಿಗೆ ಹೀಗೇ. ಬಿಳಿ ಪರದೆ ನೀರಿಗೆ ಹಾಕಿದೆವು, ಎತ್ತಿದಾಗ ಕಿತ್ತಳೆಯಾಗಿತ್ತು ಎನ್ನುವವರ ಮನೆಯಲ್ಲಿ ನಡೆದದ್ದು ಇದೇ. ಇದಕ್ಕೆ ಹುಳಿ ಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಟ್ರಿಕ್ ಆಮ್ಲದ ಹರಳು ಕೊಡುತ್ತಾರೆ. ಐದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಪರದೆಯನ್ನು ಒಂದು ಗಂಟೆ ನೆನೆಸಿ. ಹತ್ತಿಯಾದರೆ ಅರ್ಧ ಗಂಟೆಗೆ ನೋಡಿ, ಹುಳಿಯಲ್ಲಿ ಜಾಸ್ತಿ ಹೊತ್ತು ಬಿಡಬೇಡಿ. ಕೊಕ್ಕೆ, ಸರಳಿನ ತುಕ್ಕು ಚುಕ್ಕೆಗೆ ಈ ನೀರನ್ನೇ ಗಟ್ಟಿ ಮಾಡಿ ಹಚ್ಚಬಹುದು. ಲಿಂಬೆಹುಳಿ ಹಿಂಡಿ, ಉಪ್ಪು ಉದುರಿಸಿ ಬಿಸಿಲಲ್ಲಿ ಇಡುವ ಹಳೇ ಕ್ರಮವೂ ಕೆಲಸ ಮಾಡುತ್ತದೆ. ಕೊನೆಗೆ ಜಾಲಾಡಿಸುವುದು ಮತ್ತೆ ಅದೇ ಕೊಳವೆಬಾವಿ ನೀರಲ್ಲಾದರೆ ಪಟ್ಟ ಶ್ರಮವೆಲ್ಲ ಸುಮ್ನೆ ಹೋಗುತ್ತದೆ. ನಲ್ಲಿ ನೀರು ಅಥವಾ ತೆರೆದ ಬಾವಿಯ ನೀರು ಬಳಸಿ. ಮಳೆಗಾಲವಾದರೆ ಮಾಡಿನಿಂದ ಇಳಿಯುವ ಮಳೆನೀರಿಗಿಂತ ಒಳ್ಳೆಯದು ಬೇರೆ ಇಲ್ಲ. ಅದು ಮೆದು, ಅದರಲ್ಲಿ ಕಬ್ಬಿಣವಿಲ್ಲ. ಮೊದಲ ಕೆಲವು ದಿನದ ಮಳೆ ಹಂಚಿನ ಪಾಚಿ, ಧೂಳು ತೊಳೆದು ಹೋಗಲಿ, ಆಮೇಲೆ ಹಿಡಿಯಿರಿ.

ಕಪ್ಪು ಚುಕ್ಕೆ: ಬೂಷ್ಟು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಪರದೆಗೆ ಬೂಷ್ಟು ಬರದಿದ್ದರೇ ಆಶ್ಚರ್ಯ. ಅದು ಬೂಷ್ಟೇ ಹೌದೇ ಎಂದು ತಿಳಿಯಲು, ನೈಲಾನ್ ಅಲ್ಲದ ಬಿಳಿ ಪರದೆಯಾದರೆ, ನೀರು ಬೆರೆಸಿದ ಬ್ಲೀಚನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಒಂದು ಚುಕ್ಕೆಗೆ ಮುಟ್ಟಿಸಿ. ಎರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಬೂಷ್ಟು. ಹಾಗೇ ಇದ್ದರೆ ಮಸಿ ಅಥವಾ ಬೇರೆ ಕೊಳೆ.

ಮೊದಲ ಮದ್ದು ಆಕ್ಸಿಜನ್ ಬ್ಲೀಚ್ ಪುಡಿ, ಸೋಡಿಯಂ ಪರ್‌ಕಾರ್ಬೊನೇಟ್ ಇರುವಂಥದ್ದು. ಇದು ನೀರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಕ್ಲೋರಿನ್ನಿನಷ್ಟು ಕಟು ಅಲ್ಲ. ತಣ್ಣೀರಲ್ಲಿ ನಿಧಾನ, 40 ಡಿಗ್ರಿಯಲ್ಲಿ ಚುರುಕು. ಸಾಬೂನಿನಲ್ಲಿ ಒಮ್ಮೆ ಒಗೆದ ಪರದೆಯನ್ನು ಇದರಲ್ಲಿ ನಾಲ್ಕೈದು ಗಂಟೆ ನೆನೆಸಿ. ಅದಕ್ಕೂ ಹೋಗದಿದ್ದರೆ, ಪಾಲಿಯೆಸ್ಟರ್ ಅಥವಾ ಹತ್ತಿಯ ಬಿಳಿ ಪರದೆ ಎಂದು ಖಾತ್ರಿ ಇದ್ದರೆ ಮಾತ್ರ, ಐದು ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ ಕ್ಲೋರಿನ್ ಬ್ಲೀಚ್, ಹತ್ತು ನಿಮಿಷ, ಆಮೇಲೆ ಎರಡು ಸಲ ಜಾಲಾಡಿಸುವುದು. ಬೂಷ್ಟು ಸತ್ತ ಮೇಲೂ ಹತ್ತಿಯಲ್ಲಿ ಮಾಸಲು ಗುರುತು ಉಳಿಯಬಹುದು. ಅದನ್ನು ಹೋಗಿಸುತ್ತೇನೆಂದು ಬ್ಲೀಚ್ ಏರಿಸುತ್ತಾ ಹೋದರೆ ಎಳೆಯೇ ಹೋಗುತ್ತದೆ.

ಇಲ್ಲಿ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಕ್ಲೋರಿನ್ ಬ್ಲೀಚಿನ ಜೊತೆ ವಿನೆಗರ್, ನಿಂಬೆ ಉಪ್ಪು, ಲಿಂಬೆರಸ, ಕಕ್ಕಸು ತೊಳೆಯುವ ಆಸಿಡ್ ಯಾವುದೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಇರುವ ಗಾಜು ಒರೆಸುವ ದ್ರವ ಸೇರಿದರೂ ವಿಷದ ಅನಿಲವೇ. ಬಚ್ಚಲಿನ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವವರಿಗೆ ಇದು ಜೀವಕ್ಕೆ ಬರುವ ಅಪಾಯ. ಹುಳಿಯಲ್ಲಿ ನೆನೆಸಿದ ದಿನ ಬ್ಲೀಚ್ ಮುಟ್ಟಬೇಡಿ. ಬಾಗಿಲು, ಕಿಟಕಿ ತೆರೆದಿರಲಿ. ಕಟು ವಾಸನೆ ಬಂದು ಕೆಮ್ಮು, ಕಣ್ಣುರಿ ಶುರುವಾದರೆ ಬಾಲ್ದಿ ಚೆಲ್ಲಲು ನಿಲ್ಲದೆ ಹೊರಗೆ ಬನ್ನಿ.

ಬೂಷ್ಟಿನ ಮೂಲ ಗೋಡೆಯಲ್ಲಿದ್ದರೆ ಪರದೆ ಒಗೆದು ಪ್ರಯೋಜನವಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಮಳೆನೀರು ನಿಲ್ಲುತ್ತದೆಯೇ, ಪರದೆಯ ಅಂಚು ಆ ಒದ್ದೆಗೆ ತಾಗುತ್ತದೆಯೇ ನೋಡಿ. ಅಂಚನ್ನು ಕಟ್ಟೆಯಿಂದ ಎರಡು ಬೆರಳು ಮೇಲಕ್ಕೆ ಹೊಲಿಸಿದರೆ ಅರ್ಧ ತೊಂದರೆ ಮುಗಿಯುತ್ತದೆ.

ಒಗೆದ ಮೇಲೆ ಹುಟ್ಟುವ ದೋಷಗಳು

ಸುಕ್ಕು ಹೋಗುವುದಿಲ್ಲ ಎಂಬ ದೂರು ತುಂಬಾ ಕೇಳಿಬರುತ್ತದೆ. ಪಾಲಿಯೆಸ್ಟರ್ ಸುಮಾರು 70ರಿಂದ 80 ಡಿಗ್ರಿಯಲ್ಲಿ ಮೆತ್ತಗಾಗಿ, ಆಗ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ತಣಿದು ನಿಲ್ಲುತ್ತದೆ. ಹಂಡೆಯ ಕುದಿನೀರು ಸುರಿದು ಹಿಂಡಿದರೆ ಹಿಂಡಿದ ಸುಕ್ಕೇ ಖಾಯಂ. ನೀರು ಉಗುರು ಬೆಚ್ಚಗಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಹಿಂಡಬೇಡಿ, ಎತ್ತಿ ನೀರು ಇಳಿಯಲು ಬಿಡಿ. ಮೆಶಿನ್ನಿಗೆ ಹಾಕುವುದಾದರೆ ಬಲೆಚೀಲ ಅಥವಾ ಹಳೇ ತಲೆದಿಂಬಿನ ಕವರಿನೊಳಗೆ ಹಾಕಿ, ನಾಜೂಕು ಬಟ್ಟೆಯ ಕ್ರಮ, ಅರ್ಧ ತುಂಬಿದ ಡ್ರಮ್ಮು, ಕಡಿಮೆ ಸ್ಪಿನ್.

ಒಣಗಿದ ಮೇಲೆ ಗರಸು, ಮುಟ್ಟಿದರೆ ಪುಡಿ ಎಂದಾದರೆ ಸಾಬೂನು ಉಳಿದಿದೆ. ಮೆದು ನೀರಿನ ಊರಿನಲ್ಲಿ ನೊರೆ ಬೇಗ ಹೋಗುವುದಿಲ್ಲ. ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಜಾಲಾಡಿಸಿ, ಬ್ಲೀಚ್ ಬಳಸಿಲ್ಲದಿದ್ದರೆ ಮಾತ್ರ. ತಿಂಗಳೊಳಗೆ ಮತ್ತೆ ಬೂದಿ ಬಣ್ಣ ಬಂದರೂ ಇದೇ ಕಾರಣ ಇರಬಹುದು, ಅಥವಾ ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಶನರ್. ಅದರ ತೆಳು ಜಿಡ್ಡಿಗೆ ಧೂಳು ಹಿಡಿಯುತ್ತದೆ. ನೆಟ್ಟಿಗೆ ಅದು ಬೇಡವೇ ಬೇಡ.

ಒಗೆಯುವಾಗ ಇಲ್ಲದ ಕಂದು ಗೆರೆ ಒಣಗಿದ ಮೇಲೆ ಬಂದರೆ ನೇತು ಹಾಕಿದ ಜಾಗ ನೋಡಿ. ತುಕ್ಕು ಹಿಡಿದ ತಂತಿ ಇದ್ದರೆ ಅದೇ. ತೆಂಗಿನ ನಾರಿನ ಹೊಸ ಹಗ್ಗ ಒದ್ದೆಯಾದಾಗಲೂ ಕಂದು ನೀರು ಬಿಡುತ್ತದೆ. ಪ್ಲಾಸ್ಟಿಕ್ ಹಗ್ಗಕ್ಕೆ ಹಾಕಿ.

ವಾಸನೆ ಬಂದರೆ ಒಣಗಲು ತಡವಾಗಿದೆ ಎಂದರ್ಥ. ಮಳೆಗಾಲದಲ್ಲಿ ಒಗೆಯಲೇಬೇಕಾದರೆ ನೀರು ಇಳಿದ ಪರದೆಯನ್ನು ನೇರ ರಾಡಿಗೇ ಹಾಕಿ, ಮಡಿಕೆಗಳನ್ನು ಬಿಡಿಸಿ, ಫ್ಯಾನ್ ಹಾಕಿ. ಅದರ ಭಾರಕ್ಕೇ ಸುಕ್ಕು ಇಳಿಯುತ್ತದೆ, ಹತ್ತಿಯಾದರೆ ಕುಗ್ಗುವುದೂ ಕಡಿಮೆ. ನೆಲ ಒದ್ದೆಯಾಗದಂತೆ ಕೆಳಗೆ ಹಳೇ ಟವೆಲ್ ಹಾಸಿ. ಹಾಕುವ ಮೊದಲು ರಾಡನ್ನೂ ಸರಳನ್ನೂ ಒರೆಸಿಕೊಳ್ಳಿ. ಕೊಕ್ಕೆ ತುಕ್ಕು ಹಿಡಿದಿದ್ದರೆ ಹಳೆಯದನ್ನೇ ಮರಳಿ ಸಿಕ್ಕಿಸಬೇಡಿ, ಪ್ಲಾಸ್ಟಿಕಿನದ್ದು ತನ್ನಿ.